'ತಾತ್ಕಾಲಿಕ' ಎಂಬ ಪದದ ಆಯಸ್ಸು

ಅಧ್ಯಕ್ಷರಿಗೂ ಸಭೆಯಲ್ಲಿರುವ ಎಲ್ಲರಿಗೂ ನಮಸ್ಕಾರ.

ವ್ಯಕ್ತಿಸ್ವಾತಂತ್ರ್ಯ ಮತ್ತು ಇಂದಿನ ವಿದ್ಯಮಾನ ಎಂಬ ವಿಷಯ ಕೊಟ್ಟಿದ್ದೀರಿ. ಮಿಲ್‌ನಿಂದ ಹಿಡಿದು ಹಾಯೆಕ್‌ವರೆಗೆ ಸ್ವಾತಂತ್ರ್ಯದ ಚಿಂತಕರಲ್ಲಿ ಯಾರು ಏನು ಹೇಳಿದರು ಎಂಬುದು ನಿಮಗೆ ಗೊತ್ತಿರುವುದೇ. ಹಾಗಾಗಿ ನಾನು ಇವತ್ತು ಒಂದೇ ಒಂದು ಪದದ ಬೆನ್ನು ಹತ್ತುತ್ತೇನೆ. ಅದು 'ತಾತ್ಕಾಲಿಕ'. ಸರ್ಕಾರಗಳ ಬಾಯಲ್ಲಿ ನನಗೆ ಅತಿ ಹೆಚ್ಚು ಭಯ ಹುಟ್ಟಿಸುವ ಪದ ಇದೇ.

ಒಂದು ಪ್ರಸಂಗ ಹೇಳುತ್ತೇನೆ. 1950ರ ಡಿಸೆಂಬರ್ 7. ಲಂಡನ್ನಿನ ಫಿಂಚ್ಲಿಯಲ್ಲಿ ಕ್ಲಾರೆನ್ಸ್ ವಿಲ್ಕಾಕ್ ಎಂಬವರು ಕಾರು ಓಡಿಸಿಕೊಂಡು ಹೋಗುತ್ತಿದ್ದಾರೆ. ವೇಗ ಜಾಸ್ತಿಯಾಯಿತೆಂದು ಹೆರಾಲ್ಡ್ ಮಕಲ್ ಎಂಬ ಪೊಲೀಸ್ ಕಾನ್‌ಸ್ಟೇಬಲ್ ತಡೆದ. ಅಲ್ಲಿಯತನಕ ಸರಿ, ವೇಗಕ್ಕೆ ದಂಡ ಹಾಕಲಿ. ಆದರೆ ಅವನು ಕೇಳಿದ್ದು ಗುರುತಿನ ಚೀಟಿ. ಆ ಚೀಟಿಯನ್ನು ನೀವು ಒಮ್ಮೆ ಕಣ್ಣೆದುರಿಗೆ ತಂದುಕೊಳ್ಳಬೇಕು: ಮಡಚುವ ಒಂದು ಸಣ್ಣ ಕಾಗದ. ಹೆಸರು, ವಿಳಾಸ, ಅಕ್ಷರವೂ ಅಂಕಿಯೂ ಬೆರೆತ ಒಂದು ಸಂಖ್ಯೆ. ಸಾಮಾನ್ಯ ಜನರ ಚೀಟಿಯಲ್ಲಿ ಫೋಟೋ ಕೂಡ ಇರಲಿಲ್ಲ. 1939ರಲ್ಲಿ ಯುದ್ಧ ಶುರುವಾದಾಗ ಕೊಟ್ಟದ್ದು. ಯುದ್ಧ ಮುಗಿದು ಐದು ವರ್ಷವಾಗಿತ್ತು.

ವಿಲ್ಕಾಕ್ ತೋರಿಸುವುದಿಲ್ಲ ಎಂದರು. ಎರಡು ದಿನದೊಳಗೆ ಠಾಣೆಗೆ ತಂದು ತೋರಿಸಿ ಎಂದು ಕಾನ್‌ಸ್ಟೇಬಲ್ ನಮೂನೆ ಕೊಟ್ಟ. ಅದನ್ನೂ ಒಪ್ಪಲಿಲ್ಲ. "ನಾನು ಲಿಬರಲ್, ಇಂಥದ್ದಕ್ಕೆ ನನ್ನ ವಿರೋಧವಿದೆ" ಎಂದರು, ಅಷ್ಟೇ. ಭಾಷಣವಿಲ್ಲ, ಬ್ಯಾನರ್ ಇಲ್ಲ. ಡ್ರೈಕ್ಲೀನಿಂಗ್ ವ್ಯವಹಾರ ನೋಡಿಕೊಂಡಿದ್ದ ಮನುಷ್ಯ ರಸ್ತೆ ಬದಿ ನಿಂತು ಆಡಿದ ಮಾತು ಅದು.

ಪ್ರಕರಣ ಮೇಲಿನ ಕೋರ್ಟಿಗೆ ಹೋಯಿತು. 1951ರಲ್ಲಿ ಲಾರ್ಡ್ ಗಾಡರ್ಡ್ ನೇತೃತ್ವದಲ್ಲಿ ಏಳು ನ್ಯಾಯಮೂರ್ತಿಗಳು ಕೂತರು. ವಿಲ್ಕಾಕ್ ಸೋತರು. ಯಾಕೆ ಸೋತರು ಎಂಬುದೇ ಈ ಪ್ರಸಂಗದ ಜೀವಾಳ. ತುರ್ತುಸ್ಥಿತಿ ಮುಗಿಯಿತೆಂದು ಸರ್ಕಾರ ಆದೇಶ ಹೊರಡಿಸುವ ತನಕ ಕಾನೂನು ಜಾರಿಯಲ್ಲಿರುತ್ತದೆ ಎಂದು ಕಾನೂನಿನಲ್ಲೇ ಬರೆದಿತ್ತು. ಯುದ್ಧ ಮುಗಿದದ್ದು ಮಗುವಿಗೂ ಗೊತ್ತು, ಕಾನೂನಿಗೆ ಗೊತ್ತಿಲ್ಲ. ಆದರೂ ಗಾಡರ್ಡ್ ತೀರ್ಪಿನಲ್ಲಿ ಒಂದು ಮಾತು ಸೇರಿಸಿದರು: ಯುದ್ಧಕಾಲದ ನಿರ್ದಿಷ್ಟ ಉದ್ದೇಶಕ್ಕೆ ಮಾಡಿದ ಕಾಯ್ದೆಯನ್ನು ಯುದ್ಧ ಮುಗಿದ ಮೇಲೆ ಬಳಸುತ್ತಾ ಹೋದರೆ, ಕಾನೂನಿಗೆ ತಲೆಬಾಗುವ ಪ್ರಜೆಗಳೇ ಕಾನೂನು ಮುರಿಯುವವರಾಗುತ್ತಾರೆ. 1952ರ ಫೆಬ್ರವರಿಯಲ್ಲಿ ಸರ್ಕಾರ ಗುರುತಿನ ಚೀಟಿಯನ್ನು ರದ್ದು ಮಾಡಿತು.

ಮೂರು ಉದ್ದೇಶಕ್ಕೆಂದು ತಂದ ಚೀಟಿ 1950ರ ಹೊತ್ತಿಗೆ ಮೂವತ್ತೊಂಬತ್ತು ಇಲಾಖೆ, ಸಂಸ್ಥೆಗಳ ಕೆಲಸಕ್ಕೆ ಬರುತ್ತಿತ್ತು. ಬೆರಳು ಕೊಟ್ಟರೆ ಹಸ್ತ ನುಂಗಿದ ಎನ್ನುತ್ತೇವಲ್ಲ, ಇಲ್ಲಿ ನುಂಗಿದವನು ಒಬ್ಬನಲ್ಲ, ಸಾಲು ಹಿಡಿದು ನಿಂತವರೆಲ್ಲ ಒಂದೊಂದು ತುತ್ತು ತಿಂದರು. ಚೀಟಿ ಸತ್ತರೂ ಅದರ ಸಂಖ್ಯೆ ಸಾಯಲಿಲ್ಲ. ರಾಷ್ಟ್ರೀಯ ಆರೋಗ್ಯ ಸೇವೆಯ ದಾಖಲೆಗಳಲ್ಲಿ ಅದೇ ಸಂಖ್ಯೆ ಮುಂದುವರಿಯಿತು.

ಅಧಿಕಾರಿಗಳು ಕೆಟ್ಟವರು ಅಂತ ನಾನು ಹೇಳುತ್ತಿಲ್ಲ. ಅವರ ಜಾಗದಲ್ಲಿ ಕೂತು ನೋಡಿ. ಒಂದು ನಿರ್ಬಂಧ ತೆಗೆದುಹಾಕಿದ ಮರುದಿನ ಏನಾದರೂ ಅನಾಹುತವಾದರೆ ಪತ್ರಿಕೆಯಲ್ಲಿ ಅವರ ಹೆಸರು. ತೆಗೆಯದೆ ಹಾಗೇ ಬಿಟ್ಟರೆ ಯಾರೂ ಕೇಳುವುದಿಲ್ಲ. ನಷ್ಟವಾಗುವುದು ಕೋಟಿ ಜನಕ್ಕೆ, ಆದರೆ ಒಬ್ಬೊಬ್ಬರಿಗೆ ಚೂರುಚೂರು. ಆ ಚೂರಿಗಾಗಿ ಕೋರ್ಟಿಗೆ ಅಲೆಯುವವರು ಯಾರು? ಅಲೆಯುವವರೇ ಇಲ್ಲದಿದ್ದರೆ ತಾತ್ಕಾಲಿಕ ಎಂಬುದು ತಾನಾಗಿಯೇ ಕಾಯಂ ಆಗುತ್ತದೆ.

ಹಾಗಾದರೆ ಕಾನೂನಿಗೆ ಮುಕ್ತಾಯದ ದಿನಾಂಕ ಹಾಕಿಬಿಟ್ಟರೆ ಸಾಕೇ? ನಾನೂ ಬಹಳ ಕಾಲ ಹಾಗೇ ನಂಬಿದ್ದೆ. ಬ್ರಿಟನ್ನಿನ ಆದಾಯ ತೆರಿಗೆ ನೋಡಿ. ಫ್ರಾನ್ಸ್ ಮೇಲಿನ ಯುದ್ಧದ ಖರ್ಚಿಗೆಂದು 1799ರಲ್ಲಿ ಪ್ರಧಾನಿ ಪಿಟ್ ಹಾಕಿದ ತೆರಿಗೆ. 1816ರಲ್ಲಿ ಸಂಸತ್ತು ರದ್ದು ಮಾಡಿ ದಾಖಲೆಗಳನ್ನೂ ನಾಶ ಮಾಡಬೇಕೆಂದು ಹೇಳಿತು. ಅಷ್ಟು ಸಿಟ್ಟು! 1842ರಲ್ಲಿ ಪ್ರಧಾನಿ ಪೀಲ್ ಮೂರು ವರ್ಷಕ್ಕೆಂದು ವಾಪಸ್ ತಂದರು. ಅಲ್ಲಿಂದ ಇಲ್ಲಿಯತನಕ ಅದು ಹೋಗಿಲ್ಲ. ಕಾನೂನಿನ ಲೆಕ್ಕದಲ್ಲಿ ಇಂದಿಗೂ ಅದು ಪ್ರತಿ ಏಪ್ರಿಲ್ 5ಕ್ಕೆ ಮುಗಿಯುತ್ತದೆ, ಪ್ರತಿ ವರ್ಷ ಸಂಸತ್ತು ಅದಕ್ಕೆ ಜೀವ ಕೊಡುತ್ತದೆ. ಅಮೆರಿಕದಲ್ಲಿ 1979ರ ನವೆಂಬರ್‌ನಲ್ಲಿ ಇರಾನ್ ಸಂಬಂಧ ಕಾರ್ಟರ್ ಘೋಷಿಸಿದ ರಾಷ್ಟ್ರೀಯ ತುರ್ತುಸ್ಥಿತಿಯನ್ನೂ ಒಬ್ಬರಾದ ಮೇಲೊಬ್ಬರು ಅಧ್ಯಕ್ಷರು ವರ್ಷವರ್ಷವೂ ನವೀಕರಿಸಿಕೊಂಡು ಬಂದರು. ದಿನಾಂಕ ಬೇಕು, ನಿಜ. ಆ ದಿನ ಬಂದಾಗ 'ಇದು ಇನ್ನೂ ಯಾಕೆ ಬೇಕು, ಸಾಬೀತು ಮಾಡು' ಎಂದು ಕೇಳುವ ಬಾಯಿಯೂ ಬೇಕು. ಸ್ವಾತಂತ್ರ್ಯ ಬೇಕೆನ್ನುವವನು ಕಾರಣ ಕೊಡಬೇಕಿಲ್ಲ. ಕಸಿಯುವವನು ಕೊಡಬೇಕು.

ಒಳಗೆ ಬರುವಾಗ ಹಿರಿಯರೊಬ್ಬರು ನನ್ನ ಕೈ ಹಿಡಿದು ಕೇಳಿದರು: "ಸಾಂಕ್ರಾಮಿಕ ರೋಗ ಬಂದಾಗ ಸರ್ಕಾರ ಸುಮ್ಮನೆ ಕೂರಬೇಕೇನಪ್ಪಾ?" ಕೂರಬಾರದು ಸ್ವಾಮಿ. ಇನ್ನೊಬ್ಬರಿಗೆ ಹಾನಿಯಾಗುವುದನ್ನು ತಡೆಯಲು ಬಲಪ್ರಯೋಗ ಮಾಡಬಹುದೆಂದು ಮಿಲ್ 1859ರಲ್ಲೇ ಒಪ್ಪಿದ್ದಾನೆ, ನಾನೂ ಒಪ್ಪುತ್ತೇನೆ. ಆದರೆ ರೋಗ ಹೋದ ಮೇಲೆ ಆ ಬಲ ಎಲ್ಲಿ ಹೋಯಿತು ಎಂದು ಹುಡುಕಬೇಕೋ ಬೇಡವೋ?

ನಮ್ಮ ದೇಶವನ್ನೇ ನೋಡಿ. 1975 ಎಲ್ಲರಿಗೂ ನೆನಪಿದೆ. 1962 ಎಷ್ಟು ಜನಕ್ಕೆ ನೆನಪಿದೆ? ಚೀನಾ ಯುದ್ಧಕ್ಕೆಂದು ಅಕ್ಟೋಬರ್ 26ರಂದು ತುರ್ತುಸ್ಥಿತಿ ಘೋಷಣೆಯಾಯಿತು. ಕಾಳಗ ನವೆಂಬರ್‌ನಲ್ಲೇ ನಿಂತಿತು. ತುರ್ತುಸ್ಥಿತಿ ಹೋದದ್ದು 1968ರ ಜನವರಿಯಲ್ಲಿ. 1971ರ ಡಿಸೆಂಬರ್ ಯುದ್ಧ ಹದಿಮೂರು ದಿನ, ಅದರ ತುರ್ತುಸ್ಥಿತಿ 1977ರ ತನಕ. ಅಂದರೆ 1975ರ ಜೂನ್ 25ರ ರಾತ್ರಿ ನಾವು ಆಗಲೇ ಒಂದು ತುರ್ತುಸ್ಥಿತಿಯೊಳಗೆ ಮಲಗಿದ್ದೆವು, ಅದರ ಮೇಲೆ ಇನ್ನೊಂದು ಬಂತು. ಆಮೇಲೆ ಬುದ್ಧಿ ಬಂದು ಸಂವಿಧಾನದ 44ನೇ ತಿದ್ದುಪಡಿಯಲ್ಲಿ, ತುರ್ತುಸ್ಥಿತಿ ಮುಂದುವರಿಯಲು ಆರಾರು ತಿಂಗಳಿಗೆ ಸಂಸತ್ತಿನ ಒಪ್ಪಿಗೆ ಬೇಕೆಂದು ಬರೆದೆವು. ನನಗೆ ಆ ತಿದ್ದುಪಡಿಯ ಮೇಲೆ ಬಹಳ ಪ್ರೀತಿ.

ಅಧ್ಯಕ್ಷರಿಂದ ಚೀಟಿ ಬಂತು, ಇನ್ನು ಐದೇ ನಿಮಿಷವಂತೆ. ಇನ್ನೂ ನಾಲ್ಕು ವಿಷಯ ಬರೆದುಕೊಂಡಿದ್ದೆ, ಎರಡನ್ನು ಬಿಡುತ್ತೇನೆ.

ಕೆನಡಾ, 2022ರ ಫೆಬ್ರವರಿ. ಲಾರಿ ಚಾಲಕರ ಪ್ರತಿಭಟನೆ ಮುಗಿಸಲು ತುರ್ತು ಕಾಯ್ದೆ ಬಳಸಿ, ಕೋರ್ಟಿನ ಆದೇಶವಿಲ್ಲದೆ ಬ್ಯಾಂಕ್ ಖಾತೆಗಳನ್ನು ತಡೆಹಿಡಿದರು. ಒಂಬತ್ತು ದಿನಕ್ಕೆ ಹಿಂತೆಗೆದರು ಎಂಬುದು ನಿಜ. ಆ ಪ್ರತಿಭಟನೆ ನಿಮಗೆ ಇಷ್ಟವೋ ಇಲ್ಲವೋ ಅದು ಬೇರೆ ಮಾತು. ಖಾತೆ ನಿಂತರೆ ಮನೆ ಬಾಡಿಗೆ, ಔಷಧಿ, ವಕೀಲರ ಶುಲ್ಕ ಎಲ್ಲವೂ ಒಟ್ಟಿಗೇ ನಿಲ್ಲುತ್ತದೆ. ಹಿಂದೆ ಮನುಷ್ಯನನ್ನು ಹಿಡಿಯಲು ಪೊಲೀಸರನ್ನು ಕಳಿಸಬೇಕಿತ್ತು.

ಇನ್ನೊಂದು, ಆನ್‌ಲೈನ್‌ನಲ್ಲಿ ಆಕ್ಷೇಪಾರ್ಹ ಸಂದೇಶ ಹಾಕಿದರೆ ಜೈಲು ಎನ್ನುತ್ತಿದ್ದ ಐಟಿ ಕಾಯ್ದೆಯ ಸೆಕ್ಷನ್ 66ಎ. 2015ರ ಮಾರ್ಚ್ 24ರಂದು ಸುಪ್ರೀಂ ಕೋರ್ಟ್ ಅದನ್ನು ಹೊಡೆದುಹಾಕಿತು. ಆದರೂ ಅದರಡಿ ಪ್ರಕರಣಗಳು ದಾಖಲಾಗುತ್ತಲೇ ಇದ್ದವು. 2021ರಲ್ಲಿ ಕೋರ್ಟೇ ಆಘಾತ ವ್ಯಕ್ತಪಡಿಸಬೇಕಾಯಿತು. ಠಾಣೆಯಲ್ಲಿ ಬರೆಯುವವನ ಮುಂದಿದ್ದ ಪುಸ್ತಕದಲ್ಲಿ ಆ ಸೆಕ್ಷನ್ ಇನ್ನೂ ಅಚ್ಚಾಗಿಯೇ ಇದ್ದರೆ ಅವನಾದರೂ ಏನು ಮಾಡಿಯಾನು? ಆದರೆ ಲಾಕಪ್ಪಿನಲ್ಲಿ ಕೂತ ಹುಡುಗನಿಗೆ ಈ ಸಮಜಾಯಿಷಿಯಿಂದ ಏನೂ ಆಗಬೇಕಾದ್ದಿಲ್ಲ.

ಮುಖ ಗುರುತಿಸುವ ಕ್ಯಾಮೆರಾಗಳ ಬಗ್ಗೆ ಹೇಳಲು ಸಮಯವಿಲ್ಲ, ಪ್ರಶ್ನೋತ್ತರದಲ್ಲಿ ಯಾರಾದರೂ ಕೇಳಿ. ಅಲ್ಲಿ ಹಿಂದೆ ಒಬ್ಬರು ಆಗಿನಿಂದ ಕೈ ಎತ್ತಿದ್ದಾರೆ. ದಯವಿಟ್ಟು ಮೈಕ್ ಅವರಿಗೆ ಕೊಡಿ.