ಟಿ-ಬೆಲ್ಟ್ ಲೈಟ್ ಹತ್ತಿಲ್ಲ, ಹಾಗಾದ್ರೆ ಬೆಲ್ಟ್ ಸರಿ ಇದೆಯಾ?

[ದೃಶ್ಯ: ಹಳೆಯ ಕ್ವಾಲಿಸ್‌ನ ಮೀಟರ್ ಬೋರ್ಡ್, ಹತ್ತಿರದಿಂದ. ಹಿನ್ನೆಲೆಯಲ್ಲಿ ಡೀಸೆಲ್ ಎಂಜಿನ್‌ನ ಸದ್ದು.]

ನಮಸ್ಕಾರ. ಚಿಕ್ಕಮಗಳೂರಿನ ಒಬ್ಬ ವೀಕ್ಷಕರು ಒಂದು ಪ್ರಶ್ನೆ ಕಳಿಸಿದ್ದಾರೆ. ಅವರದು 2003ರ ಟೊಯೋಟಾ ಕ್ವಾಲಿಸ್. ಸೆಕೆಂಡ್ ಹ್ಯಾಂಡ್ ತಗೊಂಡು ಎರಡು ವರ್ಷ ಆಯಿತು. ಮೀಟರ್ 2,80,000 ಕಿಲೋಮೀಟರ್ ತೋರಿಸುತ್ತಿದೆ. "ಟಿ-ಬೆಲ್ಟ್ ಲೈಟ್ ಇನ್ನೂ ಹತ್ತಿಲ್ಲ. ಅಂದ್ರೆ ಬೆಲ್ಟ್ ಸರಿ ಇದೆ ಅಂತ ತಾನೇ?"

ಈ "ತಾನೇ?" ನನ್ನನ್ನು ನಾಲ್ಕು ದಿನ ಬಿಡಲಿಲ್ಲ. ಯಾಕಂದ್ರೆ ಉತ್ತರ "ಅಲ್ಲ". ಯಾಕೆ ಅಲ್ಲ ಅನ್ನೋದನ್ನ ಹುಡುಕುತ್ತಾ ಹೋಗಿ, ನಾನು ಕೊನೆಗೆ ತಲುಪಿದ್ದು ಒಂದು ಹೊಲಿಗೆ ಯಂತ್ರಕ್ಕೆ.

ಮೊದಲು ಗೊತ್ತಿರಬೇಕಾದಷ್ಟು ಬೇಗ ಹೇಳಿಬಿಡುತ್ತೇನೆ. ಎಂಜಿನ್‌ನ ಕೆಳಗೆ ಕ್ರ್ಯಾಂಕ್ ಶಾಫ್ಟ್. ಪಿಸ್ಟನ್‌ಗಳು ಅದನ್ನು ತಿರುಗಿಸುತ್ತವೆ. ಮೇಲೆ ಕ್ಯಾಮ್ ಶಾಫ್ಟ್. ಅದು ಗಾಳಿ ಒಳಗೆ ಬಿಡುವ, ಹೊಗೆ ಹೊರಗೆ ಬಿಡುವ ವಾಲ್ವ್‌ಗಳನ್ನು ತೆರೆದು ಮುಚ್ಚುತ್ತದೆ. ಕ್ರ್ಯಾಂಕ್ ಎರಡು ಸುತ್ತು ತಿರುಗಿದರೆ ಕ್ಯಾಮ್ ಒಂದು ಸುತ್ತು. ಈ ಎರಡನ್ನೂ ಕಟ್ಟಿಹಾಕಿರುವುದು ಹಲ್ಲುಗಳಿರುವ ಒಂದು ರಬ್ಬರ್ ಪಟ್ಟಿ. ಅದೇ ಟೈಮಿಂಗ್ ಬೆಲ್ಟ್, ಚಿಕ್ಕದಾಗಿ ಟಿ-ಬೆಲ್ಟ್. ಕ್ವಾಲಿಸ್‌ನಲ್ಲಿ ಡೀಸೆಲ್ ಪಂಪ್ ತಿರುಗುವುದೂ ಇದೇ ಬೆಲ್ಟ್‌ನಿಂದ.

[ದೃಶ್ಯ: ಮರದ ಮೇಜಿನ ಮೇಲೆ ಕಾಲಲ್ಲಿ ತುಳಿಯುವ ಹೊಲಿಗೆ ಯಂತ್ರ.]

ಈಗ ಹೊಲಿಗೆ ಯಂತ್ರದ ಹತ್ತಿರ ಬನ್ನಿ. ಇದು ನನ್ನ ಅಮ್ಮನದು. ಕೆಳಗಿನ ದೊಡ್ಡ ಚಕ್ರದಿಂದ ಮೇಲಿನ ಚಕ್ರಕ್ಕೆ ಹೋಗಿರುವ ಚರ್ಮದ ಹಗ್ಗ ನೋಡಿ. ಮಳೆಗಾಲದಲ್ಲಿ ಇದು ಸಡಿಲ ಆಗಿ ಜಾರುತ್ತಿತ್ತು. ಅಮ್ಮ ಎರಡು ಇಂಚು ಕತ್ತರಿಸಿ ಮತ್ತೆ ಕೊಂಡಿ ಹಾಕುತ್ತಿದ್ದರು. ಜಾರಿದರೂ ಏನೂ ಕೆಡುತ್ತಿರಲಿಲ್ಲ, ಹೊಲಿಗೆ ನಿಧಾನ ಆಗುತ್ತಿತ್ತು ಅಷ್ಟೇ. ಕಾರಿನ ಫ್ಯಾನ್ ಬೆಲ್ಟ್ ಹೀಗೇ. ಸ್ವಲ್ಪ ಜಾರುತ್ತದೆ, ಕಿರ್ ಅನ್ನುತ್ತದೆ, ನಾವು ಗ್ಯಾರೇಜಿಗೆ ಹೋಗುತ್ತೇವೆ.

ಆದರೆ ಯಂತ್ರದ ಒಳಗೆ ಇನ್ನೊಂದು ಸಂಬಂಧ ಇದೆ. ಸೂಜಿ ಬಟ್ಟೆಯೊಳಗೆ ಇಳಿಯುತ್ತದೆ. ಮತ್ತೆ ಏರಲು ಶುರು ಮಾಡಿದಾಗ ದಾರ ಚೂರು ಸಡಿಲವಾಗಿ ಒಂದು ಪುಟ್ಟ ಕುಣಿಕೆ ಆಗುತ್ತದೆ. ಸರಿಯಾಗಿ ಆ ಗಳಿಗೆಯಲ್ಲೇ ಕೆಳಗಿನ ಹುಕ್‌ನ ಮೂತಿ ಬಂದು ಆ ಕುಣಿಕೆಯನ್ನು ಹಿಡಿಯಬೇಕು. ತಡವಾದರೆ ಹೊಲಿಗೆ ತಪ್ಪುತ್ತದೆ. ಇನ್ನೂ ಹೆಚ್ಚು ತಪ್ಪಿದರೆ? ಹುಕ್ ಬಂದು ಸೂಜಿಗೇ ಹೊಡೆಯುತ್ತದೆ. ಟಕ್! ಸೂಜಿ ತುಂಡು. ಹೊಲಿಗೆ ಗೊತ್ತಿರುವವರಿಗೆಲ್ಲ ಈ ಸದ್ದು ಗೊತ್ತು.

ಸೂಜಿ ಮತ್ತು ಹುಕ್ ಒಂದೇ ಜಾಗವನ್ನು ಹಂಚಿಕೊಂಡಿವೆ, ಬೇರೆ ಬೇರೆ ಗಳಿಗೆಯಲ್ಲಿ. ಅವು ಡಿಕ್ಕಿ ಹೊಡೆಯದಂತೆ ಕಾಯುತ್ತಿರುವುದು ಆ ಲೆಕ್ಕ ಮಾತ್ರ.

ನನಗೆ ರೋಮಾಂಚನ ಆಗಿದ್ದು ಇಲ್ಲಿ. ಹಲ್ಲಿನ ಬೆಲ್ಟ್ ಹುಟ್ಟಿದ್ದು ಕಾರಿಗಾಗಿ ಅಲ್ಲ. 1940ರ ದಶಕದಲ್ಲಿ ಅಮೆರಿಕದ ಗಿಲ್ಮರ್ ಕಂಪನಿಯ ರಿಚರ್ಡ್ ಕೇಸ್ ಇದನ್ನು ರೂಪಿಸಿದ್ದು ಸಿಂಗರ್ ಹೊಲಿಗೆ ಯಂತ್ರಗಳಿಗಾಗಿ. ಸೂಜಿ ಮತ್ತು ಬಾಬಿನ್‌ನ ಲೆಕ್ಕ ತಪ್ಪಬಾರದು, ಆದರೆ ಗೇರ್‌ಗಳ ಗದ್ದಲವೂ ಬೇಡ. ಅದಕ್ಕೇ ಬೆಲ್ಟ್‌ಗೆ ಹಲ್ಲು ಬಂತು. ಇನ್ನೊಂದು ವಿಷಯ ಕೇಳಿ. ರೋಟರಿ ಹುಕ್ ಇರುವ ಯಂತ್ರದಲ್ಲಿ ಸೂಜಿ ಒಂದು ಸಲ ಇಳಿದು ಏರುವಷ್ಟರಲ್ಲಿ ಹುಕ್ ಎರಡು ಸುತ್ತು ಹಾಕುತ್ತದೆ. ಎರಡಕ್ಕೆ ಒಂದು. ಕ್ರ್ಯಾಂಕ್ ಮತ್ತು ಕ್ಯಾಮ್ ನಡುವಿನ ಲೆಕ್ಕವೇ!

ಈ ಬೆಲ್ಟ್ ಮಾರಾಟದ ಕಾರಿನೊಳಗೆ ಬಂದಿದ್ದು 1960ರ ದಶಕದ ಶುರುವಿನಲ್ಲಿ. ಜರ್ಮನಿಯ ಬವೇರಿಯಾದಲ್ಲಿ ಗ್ಲಾಸ್ ಅನ್ನೋ ಪುಟ್ಟ ಕಂಪನಿ ಇತ್ತು. ಮೊದಲು ಬೀಜ ಬಿತ್ತುವ ಕೂರಿಗೆ ಯಂತ್ರ ಮಾಡುತ್ತಿದ್ದವರು. ಅವರ ಗ್ಲಾಸ್ 1004 ಕಾರಿನಲ್ಲಿ ಚೈನ್ ಬದಲು ಹಲ್ಲಿನ ಬೆಲ್ಟ್ ಇತ್ತು. 1966ರಲ್ಲಿ ಬಿಎಂಡಬ್ಲ್ಯು ಆ ಕಂಪನಿಯನ್ನು ಕೊಂಡುಕೊಂಡಿತು. ಅಷ್ಟರಲ್ಲಿ ಬೇರೆಯವರೂ ಈ ದಾರಿ ಹಿಡಿದಿದ್ದರು.

[ದೃಶ್ಯ: ಕತ್ತರಿಸಿದ ಎಂಜಿನ್‌ನ ಚಿತ್ರ. ಪಿಸ್ಟನ್ ಮೇಲೆ ಬರುತ್ತಿದ್ದಂತೆ ವಾಲ್ವ್ ಮೇಲೆ ಸರಿಯುತ್ತದೆ.]

ಈಗ ಕ್ವಾಲಿಸ್. 2000ದಿಂದ 2005ರವರೆಗೆ ನಮ್ಮ ಬಿಡದಿಯಲ್ಲೇ ತಯಾರಾದ ಗಾಡಿ. ಒಳಗೆ 2.4 ಲೀಟರ್ ಡೀಸೆಲ್ ಎಂಜಿನ್. ಡೀಸೆಲ್‌ನಲ್ಲಿ ಸ್ಪಾರ್ಕ್ ಪ್ಲಗ್ ಇಲ್ಲ, ಗಾಳಿಯನ್ನು ಒತ್ತಿ ಒತ್ತಿ ಕಾಯಿಸಬೇಕು. ಈ ಎಂಜಿನ್ 22 ಪಾಲು ಗಾಳಿಯನ್ನು ಹತ್ತಿರಹತ್ತಿರ ಒಂದು ಪಾಲಿನ ಜಾಗಕ್ಕೆ ಒತ್ತುತ್ತದೆ. ಅಂದ್ರೆ ಪಿಸ್ಟನ್ ತುದಿಗೆ ಬಂದಾಗ ಮೇಲೆ ಜಾಗವೇ ಇರುವುದಿಲ್ಲ. ಬೆಲ್ಟ್ ತುಂಡಾಗಿ ವಾಲ್ವ್ ಆಗ ಕೆಳಗೆ ಇಳಿದೇ ಇದ್ದರೆ, ಸೂಜಿ ಮತ್ತು ಹುಕ್ ನೆನಪಿಸಿಕೊಳ್ಳಿ. ಅದೇ ಟಕ್. ಆದರೆ ಇಲ್ಲಿ ಒಂದು ರೂಪಾಯಿಯ ಸೂಜಿ ಮುರಿಯುವುದಿಲ್ಲ. ವಾಲ್ವ್ ಬಾಗುತ್ತದೆ, ಕೆಲವು ಸಲ ಪಿಸ್ಟನ್ನೂ ಹೋಗುತ್ತದೆ. ಎಂಜಿನ್‌ನ ಮೇಲ್ಭಾಗ, ಅಂದ್ರೆ ಹೆಡ್, ಬಿಚ್ಚಿ ಲಾತ್ ಅಂಗಡಿಗೆ ಕಳಿಸಬೇಕು. ಕೆಲವು ಹಳೆಯ ಪೆಟ್ರೋಲ್ ಎಂಜಿನ್‌ಗಳಲ್ಲಿ ಪಿಸ್ಟನ್ನಿಗೂ ವಾಲ್ವಿಗೂ ನಡುವೆ ಜಾಗ ಇರುತ್ತದೆ. ಅಲ್ಲಿ ಬೆಲ್ಟ್ ತುಂಡಾದರೆ ಗಾಡಿ ನಿಲ್ಲುತ್ತದೆ, ಎಂಜಿನ್ ಉಳಿಯುತ್ತದೆ. ಡೀಸೆಲ್‌ನಲ್ಲಿ ಆ ಅದೃಷ್ಟ ಇಲ್ಲ ಅಂತಲೇ ಅಂದುಕೊಳ್ಳಿ.

ನನ್ನ ಸೋದರಮಾವನಿಗೆ ಹೀಗೆ ಆಯಿತು. ಬೇರೆ ಗಾಡಿ, ಅದೂ ಹಳೆಯ ಡೀಸೆಲ್ಲೇ. ಮಾರಿದವರು "ಬೆಲ್ಟ್ ಹೊಸದು ಹಾಕ್ಸಿದೀನಿ" ಅಂದಿದ್ದರು. ಬಿಲ್ ಇರಲಿಲ್ಲ. ಹಿರಿಯೂರು ದಾಟಿದ ಮೇಲೆ ಹೈವೇಯಲ್ಲಿ ಎಂಜಿನ್ ಸುಮ್ನೆ ನಿಂತುಹೋಯಿತು. ಮುಂಚೆ ಒಂದು ಸದ್ದಿಲ್ಲ, ನಡುಕ ಇಲ್ಲ. ಮಾವ ಮತ್ತೆ ಸ್ಟಾರ್ಟ್ ಮಾಡಿದರು. ಸ್ಟಾರ್ಟರ್ ಎಂದಿಗಿಂತ ಹಗುರವಾಗಿ, ಗಿರ್ರನೆ ತಿರುಗಿತು. ಬೆಲ್ಟ್ ತುಂಡಾಗಿತ್ತು. ದಯವಿಟ್ಟು ಇದನ್ನು ನೆನಪಿಡಿ: ಓಡುತ್ತಿದ್ದ ಗಾಡಿ ನಿಂತು, ಸ್ಟಾರ್ಟರ್ ಹೀಗೆ ಹಗುರವಾಗಿ ತಿರುಗಿದರೆ ಎರಡನೇ ಸಲ ಕೀ ತಿರುಗಿಸಬೇಡಿ. ಟೋ ಮಾಡಿಸಿ.

[ದೃಶ್ಯ: ಮತ್ತೆ ಮೀಟರ್ ಬೋರ್ಡ್. ಟಿ-ಬೆಲ್ಟ್ ಲೈಟ್‌ನ ಮೇಲೆ ವೃತ್ತ.]

ಹಾಗಾದ್ರೆ ಈ ಲೈಟ್ ಏನು ನೋಡುತ್ತದೆ? ಬೆಲ್ಟನ್ನಂತೂ ಅಲ್ಲ. ಬೆಲ್ಟ್ ಹತ್ತಿರ ಯಾವ ಸೆನ್ಸರೂ ಇಲ್ಲ. ಲೈಟ್ ಎಣಿಸುವುದು ಕಿಲೋಮೀಟರ್ ಮಾತ್ರ. ಒಂದು ಲಕ್ಷ ಆಯಿತಾ, ಹತ್ತುತ್ತದೆ. ಬೆಲ್ಟ್ ಬದಲಿಸಿದ ಮೇಲೆ ಮೆಕ್ಯಾನಿಕ್ ಮೀಟರ್ ಬೋರ್ಡ್‌ನಲ್ಲೇ ಅದನ್ನು ಆರಿಸಿ, ಎಣಿಕೆಯನ್ನು ಸೊನ್ನೆಗೆ ತರಬೇಕು. ಬೆಲ್ಟ್ ಬದಲಿಸದೆ ಲೈಟ್ ಮಾತ್ರ ಆರಿಸಿದರೂ ಅದಕ್ಕೆ ಗೊತ್ತಾಗುವುದಿಲ್ಲ. ಗಾಡಿ ಮಾರುವ ಮೊದಲು ಹೀಗೆ ಮಾಡುವವರ ಮೇಲೆ ನನಗೆ ನಿಜಕ್ಕೂ ಸಿಟ್ಟಿದೆ. ಆ ಗಾಡಿಯಲ್ಲಿ ಯಾರದೋ ಮನೆಯವರು ಘಾಟಿ ಹತ್ತುತ್ತಾರೆ.

ಕಿಲೋಮೀಟರ್ ಲೆಕ್ಕವೇ ಪೂರ್ತಿ ಅಲ್ಲ ಅನ್ನೋದಕ್ಕೆ ಇನ್ನೊಂದು ಕಾರಣ ಇದೆ. ಗಂಟೆಗೆ 60 ಕಿಲೋಮೀಟರ್ ವೇಗದಲ್ಲಿ, ನಿಮಿಷಕ್ಕೆ 2000 ಸುತ್ತಿನಂತೆ ಎಂಜಿನ್ ತಿರುಗುತ್ತಿದೆ ಅಂತ ಇಟ್ಟುಕೊಳ್ಳಿ. ಒಂದು ಕಿಲೋಮೀಟರಿಗೆ 2000 ಸುತ್ತು. ಒಂದು ಲಕ್ಷ ಕಿಲೋಮೀಟರಿಗೆ 20 ಕೋಟಿ ಸುತ್ತು! ಈಗ ಬೆಂಗಳೂರಿನ ಸಿಲ್ಕ್ ಬೋರ್ಡ್ ಸಿಗ್ನಲ್ಲಿಗೆ ಬನ್ನಿ. ಗಾಡಿ ನಿಂತಿದೆ, ಎಂಜಿನ್ ನಿಮಿಷಕ್ಕೆ 750 ಸುತ್ತು ತಿರುಗುತ್ತಲೇ ಇದೆ. ಒಟ್ಟು ಒಂದು ಗಂಟೆ ಹೀಗೆ ನಿಂತರೆ 45,000 ಸುತ್ತು. ಬೆಲ್ಟ್ ಪಾಲಿಗೆ ಇಪ್ಪತ್ತೆರಡು ಕಿಲೋಮೀಟರ್ ಓಡಿದ ಹಾಗೆ. ಮೀಟರ್ ಪಾಲಿಗೆ ಸೊನ್ನೆ.

ವಯಸ್ಸೂ ಅಷ್ಟೇ. ಶೆಡ್ಡಿನಲ್ಲೇ ನಿಂತ ಗಾಡಿಯ ಬೆಲ್ಟೂ ಹಳತಾಗುತ್ತದೆ, ಅದು ರಬ್ಬರ್. ಕವರ್ ತೆಗೆದು ನೋಡಿ "ಬಿರುಕಿಲ್ಲ, ಇನ್ನೂ ಓಡುತ್ತೆ" ಅನ್ನುವುದನ್ನೂ ನಾನು ಒಪ್ಪುವುದಿಲ್ಲ. ಬೆಲ್ಟ್‌ನ ಬಲ ಇರುವುದು ಒಳಗಿನ ಗಾಜಿನ ನೂಲಿನ ಎಳೆಗಳಲ್ಲಿ. ಅವು ಹೊರಗೆ ಕಾಣುವುದಿಲ್ಲ. ಹೊಸ ಬೆಲ್ಟನ್ನು ಮಡಚಬಾರದು, ತಿರುಚಬಾರದು ಅನ್ನುವುದೂ ಇದೇ ಕಾರಣಕ್ಕೆ. ಮಡಚಿದ ಜಾಗದಲ್ಲಿ ಗಾಜಿನ ಎಳೆ ಮುರಿದಿರುತ್ತದೆ.

[ದೃಶ್ಯ: ಗ್ಯಾರೇಜ್. ಕವರ್ ತೆಗೆದ ಎಂಜಿನ್, ಮೂರು ಪುಲ್ಲಿಗಳ ಗುರುತುಗಳ ಮೇಲೆ ಬಿಳಿ ಬಣ್ಣ.]

ಬದಲಿಸುವ ಕೆಲಸದಲ್ಲಿ ಒಂದೇ ಒಂದು ಹಂತವನ್ನು ನೀವು ಎದುರಿಗೆ ನಿಂತು ನೋಡಬೇಕು ಅಂತ ನನ್ನ ಆಸೆ. ಕ್ರ್ಯಾಂಕ್, ಕ್ಯಾಮ್, ಡೀಸೆಲ್ ಪಂಪ್, ಮೂರರ ಗುರುತುಗಳನ್ನೂ ಕೂಡಿಸಿ ಬೆಲ್ಟ್ ಹಾಕಿಯಾಯಿತು. ಒಳ್ಳೆಯ ಮೆಕ್ಯಾನಿಕ್ ಆಗಲೇ ಕೀ ತಿರುಗಿಸುವುದಿಲ್ಲ. ಕ್ರ್ಯಾಂಕ್ ಬೋಲ್ಟ್‌ಗೆ ಸ್ಪ್ಯಾನರ್ ಹಾಕಿ, ಎಂಜಿನ್ ತಿರುಗುವ ದಿಕ್ಕಿನಲ್ಲೇ ಕೈಯಿಂದ ಎರಡು ಪೂರ್ತಿ ಸುತ್ತು ತಿರುಗಿಸುತ್ತಾರೆ. ಯಾಕೆ ಎರಡು? ಆಗಲೇ ಕ್ಯಾಮ್ ಒಂದು ಪೂರ್ತಿ ಸುತ್ತು ಬರುವುದು. ಗುರುತುಗಳು ಮತ್ತೆ ಕೂಡಿದರೆ ಸರಿ. ಮಧ್ಯೆ ಎಲ್ಲಾದರೂ ಗಟ್ಟಿಯಾಗಿ ತಡೆದರೆ ಬಲ ಹಾಕಬಾರದು, ಅಲ್ಲಿ ವಾಲ್ವ್ ಪಿಸ್ಟನ್ನಿಗೆ ತಗಲಿರಬಹುದು. ಅಮ್ಮ ಹೊಸ ಸೂಜಿ ಹಾಕಿದ ಮೇಲೆ ಕಾಲಿಡುವ ಮೊದಲು ಮೇಲಿನ ಚಕ್ರವನ್ನು ಕೈಯಿಂದ ಮೆಲ್ಲಗೆ ಒಂದು ಸುತ್ತು ತಿರುಗಿಸಿ ನೋಡುತ್ತಿದ್ದರು. ಅದೇ ಎಚ್ಚರ, ಅಲ್ವಾ?

ವಿಡಿಯೋ ಉದ್ದ ಆಯಿತು, ಉಳಿದದ್ದು ಒಟ್ಟಿಗೆ. ಬೆಲ್ಟ್ ಜೊತೆ ಅದನ್ನು ಬಿಗಿಯಾಗಿ ಹಿಡಿದಿಡುವ ಟೆನ್ಷನರ್ ಪುಲ್ಲಿಯನ್ನೂ ಬದಲಿಸಿ. ಅದರ ಬೇರಿಂಗ್ ಜಾಮ್ ಆದರೆ ಹೊಸ ಬೆಲ್ಟೂ ಹೋಗುತ್ತದೆ. ಕ್ಯಾಮ್ ಮತ್ತು ಕ್ರ್ಯಾಂಕ್ ಆಯಿಲ್ ಸೀಲ್‌ಗಳನ್ನು ಅದೇ ದಿನ ಹಾಕಿಸಿ, ಎಣ್ಣೆ ಬಿದ್ದ ರಬ್ಬರ್ ಬಾಳುವುದಿಲ್ಲ. ಕೆಲವು ಕಾರುಗಳಲ್ಲಿ ವಾಟರ್ ಪಂಪ್ ತಿರುಗುವುದೂ ಟೈಮಿಂಗ್ ಬೆಲ್ಟ್‌ನಿಂದಲೇ. ಅಂಥ ಗಾಡಿ ಆದರೆ ಪಂಪನ್ನೂ ಆಗಲೇ ನೋಡಿ. ಸ್ವಿಫ್ಟ್‌ನ 1.3 ಡೀಸೆಲ್‌ನಂಥ ಎಂಜಿನ್‌ಗಳಲ್ಲಿ ಬೆಲ್ಟ್ ಬದಲು ಚೈನ್ ಇದೆ, ಅದರ ಕಥೆ ಬೇರೆ.

ಚಿಕ್ಕಮಗಳೂರಿನವರೇ, ನಿಮ್ಮ ಗಾಡಿಯ ಜೊತೆ ಬೆಲ್ಟ್ ಬದಲಿಸಿದ ಬಿಲ್ ಬಂದಿದೆಯಾ? ದಿನಾಂಕ ಮತ್ತು ಕಿಲೋಮೀಟರ್ ಬರೆದ ಬಿಲ್? ಇಲ್ಲ ಅಂದ್ರೆ ಲೈಟನ್ನು ಮರೆತುಬಿಡಿ. ಮುಂದಿನ ಸಲ ಮುಳ್ಳಯ್ಯನಗಿರಿ ಕಡೆ ಹತ್ತುವ ಮೊದಲು ಬೆಲ್ಟ್ ಬದಲಿಸಿ. ಹೊಸದು ಹಾಕಿದ ದಿನ ಬೆಲ್ಟ್ ಕವರಿನ ಮೇಲೆ ಬಿಳಿ ಪೇಂಟಿನಿಂದ ತಾರೀಕು, ಕಿಲೋಮೀಟರ್ ಎರಡೂ ಬರೆಸಿ. ನಾಳೆ ಈ ಗಾಡಿ ಕೊಳ್ಳುವವರು ಬಾನೆಟ್ ಎತ್ತಿದ ಕೂಡಲೇ ಅದು ಕಾಣಲಿ.