31 ಸಲ ಸೋತ ಚಾಂಪಿಯನ್

ಕೇಳುಗರಿಗೆ ನಮಸ್ಕಾರ.

ಒಂದು ಕಾಲೇಜು ತಂಡ ಒಂದೇ ಸೀಸನ್‌ನಲ್ಲಿ 31 ಪಂದ್ಯ ಸೋತಿತು. ಅದೇ ಸೀಸನ್‌ನ ಕೊನೆಗೆ ಇಡೀ ಅಮೆರಿಕದ ಕಾಲೇಜು ಚಾಂಪಿಯನ್ ಆಯಿತು. ಕ್ಯಾಲಿಫೋರ್ನಿಯಾದ ಫ್ರೆಸ್ನೊ ಸ್ಟೇಟ್ ಎಂಬ ವಿಶ್ವವಿದ್ಯಾಲಯದ ಬೇಸ್‌ಬಾಲ್ ತಂಡ ಅದು. ವರ್ಷ 2008. ಈ ಮಾತು ಕಾಲೇಜಿನಲ್ಲಿ ಆಡುವ ಹುಡುಗ ಹುಡುಗಿಯರಿಗೆ. ಅವರಿಗಿಂತ ಜಾಸ್ತಿ ಅವರ ಅಪ್ಪ ಅಮ್ಮಂದಿರಿಗೆ. ಮಗ ಎರಡು ಪಂದ್ಯ ಸೋತು ಬಂದರೆ ಸಾಕು, "ಇನ್ನು ಆಟ ಬಿಡು, ಓದಿಕೋ" ಅನ್ನುತ್ತೀರಿ, ಅಲ್ವಾ? ದಯವಿಟ್ಟು ಸ್ವಲ್ಪ ತಾಳಿ. ಸೋಲು ಎಣಿಸಬೇಡಿ. ಸೀಸನ್ ಮುಗಿಯಲಿ.

ಬೇಸ್‌ಬಾಲ್ ಗೊತ್ತಿಲ್ಲದವರಿಗೆ ಎರಡೇ ಮಾತು. ಒಂದು ತಂಡದಲ್ಲಿ 9 ಜನ, ಪಂದ್ಯಕ್ಕೆ 9 ಇನಿಂಗ್ಸ್. 3 ಔಟ್ ಆದರೆ ಬ್ಯಾಟಿಂಗ್ ಎದುರು ತಂಡಕ್ಕೆ. ಚೆಂಡು ಎಸೆಯುವವನು ಪಿಚರ್. ಬ್ಯಾಟ್ ಮಾಡಿದವನು ಮೂರು ಬೇಸ್ ದಾಟಿ ಮತ್ತೆ ಮನೆಗೆ, ಅಂದರೆ ಹೋಮ್‌ಗೆ ಬಂದರೆ ಒಂದು ರನ್. ಕ್ರಿಕೆಟ್ ನೋಡುವ ನಮಗೆ ಇಷ್ಟು ಸಾಕು.

ಈಗ ಸೀಸನ್ ನೋಡಿ. ಅಮೆರಿಕದ ಕಾಲೇಜು ಬೇಸ್‌ಬಾಲ್ ಫೆಬ್ರವರಿಯಲ್ಲಿ ಶುರುವಾಗುತ್ತದೆ, ಜೂನ್‌ವರೆಗೆ ನಡೆಯುತ್ತದೆ. ಮಾಮೂಲಿ ಪಂದ್ಯಗಳೇ ಐವತ್ತರ ಮೇಲೆ. ಅದಾದ ಮೇಲೆ 64 ತಂಡಗಳ ರಾಷ್ಟ್ರೀಯ ಪಂದ್ಯಾವಳಿ. ನಾಲ್ಕು ನಾಲ್ಕು ತಂಡಗಳ 16 ಗುಂಪು. ಇಲ್ಲಿ ಒಂದು ಸಲ ಸೋತರೆ ಯಾರೂ ಮನೆಗೆ ಹೋಗುವುದಿಲ್ಲ, ಎರಡು ಸಲ ಸೋತರೆ ಮಾತ್ರ ಹೊರಗೆ. ಉಳಿದ 16 ತಂಡಗಳು ಜೋಡಿ ಜೋಡಿಯಾಗಿ ಮೂರು ಪಂದ್ಯದ ಸರಣಿ ಆಡುತ್ತವೆ. ಗೆದ್ದ 8 ತಂಡಗಳು ನೆಬ್ರಾಸ್ಕಾ ರಾಜ್ಯದ ಒಮಾಹಾ ಊರಿಗೆ ಹೋಗುತ್ತವೆ. ಅದೇ ಕಾಲೇಜ್ ವರ್ಲ್ಡ್ ಸೀರೀಸ್. 1950ರಿಂದ ಅದು ಆ ಊರಿನ ಹಬ್ಬ. ನನಗೆ ಈ ಏರ್ಪಾಡು ಬಹಳ ಇಷ್ಟ. ಒಂದು ಕೆಟ್ಟ ದಿನಕ್ಕಾಗಿ ಇಡೀ ವರ್ಷದ ದುಡಿಮೆಯನ್ನು ಕಿತ್ತುಕೊಳ್ಳುವುದಿಲ್ಲ.

ಫ್ರೆಸ್ನೊ ತಂಡದ ಶುರುವೇ ಕೆಟ್ಟದ್ದು. ಮೊದಲ 20 ಪಂದ್ಯದಲ್ಲಿ 12 ಸೋಲು. ನಮ್ಮಲ್ಲಾಗಿದ್ದರೆ ಕೋಚ್ ಬದಲಾಯಿಸಿ ಅಂತ ಗಲಾಟೆ ಎದ್ದಿರುತ್ತಿತ್ತು. ಅಲ್ಲಿ ಮೈಕ್ ಬೇಟ್‌ಸೋಲ್ ಎಂಬ ಕೋಚ್ ಮುಂದುವರಿದರು. ಆಮೇಲೆ ತಂಡದ ಅತ್ಯುತ್ತಮ ಪಿಚರ್ ಟ್ಯಾನರ್ ಶೆಪರ್ಸ್‌ಗೆ ಭುಜದ ಗಾಯ. ಮುಖ್ಯ ಪಂದ್ಯಗಳು ಬಂದಾಗ ಅವನು ಇಲ್ಲ. ರಾಷ್ಟ್ರೀಯ ಪಂದ್ಯಾವಳಿಯಲ್ಲಿ ಇವರಿಗೆ ಕೊಟ್ಟ ಸ್ಥಾನ, ನಾಲ್ಕು ತಂಡದ ಗುಂಪಿನಲ್ಲಿ ನಾಲ್ಕನೆಯದು. ಆದರೂ ಆ ಗುಂಪು ಗೆದ್ದರು. ನಂತರ ಅರಿಜೋನಾ ಸ್ಟೇಟ್ ಎಂಬ ದೊಡ್ಡ ತಂಡದ ಮೈದಾನಕ್ಕೇ ಹೋದರು. ಮೊದಲ ಪಂದ್ಯ 12-4ರಿಂದ ಸೋತರು. ಮುಂದಿನ ಎರಡೂ ಗೆದ್ದರು. ಗಮನಿಸಿ, ಇಲ್ಲೂ ಸೋಲು ಮೊದಲು ಬಂತು.

ಒಮಾಹಾದಲ್ಲೂ ಇದೇ. ನಾರ್ತ್ ಕ್ಯಾರೊಲಿನಾ ಎದುರು ಒಂದು ಸೋಲು, ಅದರ ಬೆನ್ನಿಗೇ 6-1ರ ಗೆಲುವು, ಫೈನಲ್ ಪ್ರವೇಶ. ಫೈನಲ್ ಕೂಡ ಮೂರು ಪಂದ್ಯದ ಸರಣಿ, ಎದುರಾಳಿ ಜಾರ್ಜಿಯಾ. ಮೊದಲ ಪಂದ್ಯ 7-6ರಿಂದ ಸೋತರು. ಎರಡನೆಯದರಲ್ಲಿ ಆರಂಭದಲ್ಲೇ 5 ರನ್ ಹಿಂದೆ. ಟಿವಿ ಆರಿಸಿ ಮಲಗಿದವರು ಎಷ್ಟು ಜನವೋ! ಆ ಪಂದ್ಯ ಫ್ರೆಸ್ನೊ ಗೆದ್ದಿತು. 19-10!

ಈಗ ನನ್ನ ಮೆಚ್ಚಿನ ಭಾಗ. ಸಾವಕಾಶವಾಗಿ ಹೇಳುತ್ತೇನೆ. ಸ್ಟೀವ್ ಡೆಟ್‌ವೈಲರ್ ಅಂತ ಒಬ್ಬ ಹುಡುಗ. ಬಲಬದಿಯ ಔಟ್‌ಫೀಲ್ಡ್‌ನಲ್ಲಿ ನಿಲ್ಲುವವನು. ಅವನ ಹೆಬ್ಬೆರಳಿನ ಅಸ್ಥಿರಜ್ಜು ಹರಿದಿತ್ತು. ಎಲುಬುಗಳನ್ನು ಹಿಡಿದಿಡುವ ನಾರು ಅದು. ಶಸ್ತ್ರಚಿಕಿತ್ಸೆ ಆಗಬೇಕಿತ್ತು, ಸೀಸನ್ ಮುಗಿಯಲಿ ಅಂತ ಮುಂದೆ ಹಾಕಿದ್ದರು. ಬ್ಯಾಟ್ ಹಿಡಿದವರಿಗೆ ಗೊತ್ತು, ಹೆಬ್ಬೆರಳು ನೊಂದರೆ ಚೆಂಡು ತಗುಲಿದಾಗಲೆಲ್ಲ ಏನಾಗುತ್ತದೆ ಅಂತ. ಜೂನ್ 25, ರೋಸೆನ್‌ಬ್ಲಾಟ್ ಕ್ರೀಡಾಂಗಣ, ಕೊನೆಯ ಪಂದ್ಯ. ಎರಡನೇ ಇನಿಂಗ್ಸ್‌ನಲ್ಲಿ ಡೆಟ್‌ವೈಲರ್ ಹೋಮ್ ರನ್ ಹೊಡೆದ. ಅಂದರೆ ಚೆಂಡು ಬೇಲಿ ದಾಟಿತು, ಹೊಡೆದವನೂ ಬೇಸ್ ಮೇಲಿದ್ದವನೂ ಹೋಮ್‌ಗೆ ಬಂದರು. 2 ರನ್ ಬಂತು. ನಾಲ್ಕನೇ ಇನಿಂಗ್ಸ್‌ನಲ್ಲಿ ಮತ್ತೊಂದು ಹೊಡೆತ. ಇನ್ನೊಂದು ರನ್. ಆರನೇ ಇನಿಂಗ್ಸ್‌ನಲ್ಲಿ ಮತ್ತೆ ಹೋಮ್ ರನ್. ಈ ಸಲ 3. ಒಟ್ಟು ಎಷ್ಟಾಯಿತು? ಆರು. ಫ್ರೆಸ್ನೊ ಗಳಿಸಿದ್ದೂ ಆರೇ. ತಂಡದ ಅಷ್ಟೂ ರನ್ ಆ ನೋಯುವ ಕೈಯಿಂದ ಬಂದವು. ಜಾರ್ಜಿಯಾಕ್ಕೆ ಸಿಕ್ಕಿದ್ದು 1. ಕೊನೆಯ ಇನಿಂಗ್ಸ್‌ನಲ್ಲಿ ಕೊನೆಯ ಚೆಂಡು ಮೇಲೆ ಹಾರಿತು. ಎಲ್ಲಿಗೆ? ಬಲಬದಿಗೆ. ಕ್ಯಾಚ್ ಹಿಡಿದವನೂ ಅವನೇ!

ಎಷ್ಟು ಸಲ ಹೇಳಿದರೂ ನನಗೆ ಸಾಲದು. ಆ ಹುಡುಗ 31 ಸೋಲುಗಳನ್ನು ತಂಡದ ಜೊತೆ ಉಂಡವನು. ಮಾರ್ಚ್‌ನಲ್ಲೇ ಅವನ ಮನೆಯವರು ಸಾಕು ಬಾ ಅಂದಿದ್ದರೆ ಆ ಜೂನ್ ಇರುತ್ತಿರಲಿಲ್ಲ. ಅದಕ್ಕೇ ಹೇಳುತ್ತಿದ್ದೇನೆ, ಸೋಲು ಎಣಿಸಬೇಡಿ.

ಸಮಯ ಕಡಿಮೆ ಇದೆ, ಬೇಗ ಹೇಳುತ್ತೇನೆ. ಅವತ್ತು ಪಿಚ್ ಮಾಡಿದ ಜಸ್ಟಿನ್ ವಿಲ್ಸನ್‌ನನ್ನು ಮರೆಯಬಾರದು. ಪಿಚರ್‌ನ ತೋಳು ಹೊಲದ ಹಾಗೆ, ಮಧ್ಯೆ ಬೀಳು ಬಿಡಲೇಬೇಕು. ಅವನಿಗೆ ಸಿಕ್ಕಿದ್ದು ಮೂರೇ ದಿನದ ವಿಶ್ರಾಂತಿ. ಆದರೂ 8 ಇನಿಂಗ್ಸ್ ಎಸೆದ. ಚಾಂಪಿಯನ್‌ಷಿಪ್ ಪಂದ್ಯ ಅಂತ ಕೋಚ್ ಅವನನ್ನು ಇಳಿಸಿದರು, ಸರಿ. ನಮ್ಮ ಕಾಲೇಜು ತಂಡಗಳ ತರಬೇತುದಾರರೇ, ನೀವು ಇದನ್ನು ನೋಡಿ ದಿನಾ ಒಬ್ಬನ ಕೈಗೇ ಚೆಂಡು ಕೊಡಬೇಡಿ. ಅಂತರ ವಿಶ್ವವಿದ್ಯಾಲಯ ಪಂದ್ಯಾವಳಿಗೆ ಹೊರಟರೆ ಮೂರು ನಾಲ್ಕು ಪಿಚರ್‌ಗಳನ್ನು ತಯಾರು ಮಾಡಿಕೊಂಡೇ ಹೊರಡಿ.

ಸರಣಿಯ ಅತ್ಯುತ್ತಮ ಆಟಗಾರ ಪ್ರಶಸ್ತಿ ಮೂರನೇ ಬೇಸ್ ಕಾಯುವ ಟಾಮಿ ಮೆಂಡೋಂಕಾಗೆ ಹೋಯಿತು. ಅವನ ಫೀಲ್ಡಿಂಗ್ ಬಗ್ಗೆಯೇ ಒಂದು ಭಾಷಣ ಮಾಡಬಹುದು. ವಿಲ್ಸನ್, ಶೆಪರ್ಸ್ ಇಬ್ಬರೂ ಮುಂದೆ ಅಮೆರಿಕದ ಅತಿ ದೊಡ್ಡ ವೃತ್ತಿಪರ ಬೇಸ್‌ಬಾಲ್ ಆದ ಮೇಜರ್ ಲೀಗ್‌ನಲ್ಲಿ ಆಡಿದರು. ಗಾಯದಿಂದ ಹೊರಗೆ ಕೂತಿದ್ದ ಆ ಶೆಪರ್ಸ್ ಕೂಡ!

ಫೆಬ್ರವರಿಯಲ್ಲಿ ಹೊಸ ಸೀಸನ್ ಶುರುವಾದಾಗ ಮಕ್ಕಳ ಜೊತೆ ಕೂತು ಯಾವುದಾದರೂ ಒಂದು ಕಾಲೇಜು ತಂಡ ಆರಿಸಿಕೊಳ್ಳಿ. ಸುಮ್ನೆ ಗೆಲ್ಲುವ ತಂಡವೇ ಬೇಕು ಅಂತ ಹುಡುಕಬೇಡಿ. ಜೂನ್‌ವರೆಗೆ ಅದರ ಬೆನ್ನು ಬಿಡಬೇಡಿ. ನಮಸ್ಕಾರ.