ಎಣಿಕೆಗೆ ಬಂದವರು, ಬಾರದವರು

ಎಲ್ಲರಿಗೂ ನಮಸ್ಕಾರ.

ಸಂಶೋಧನೆ ಮಾಡುವವರಿಗೆ ಸಂಖ್ಯಾಶಾಸ್ತ್ರದಲ್ಲಿ ನೆರವಾಗುವುದು ನನ್ನ ಕೆಲಸ. ಯಾವ ವಿಭಾಗದವರಾದರೂ ತಮ್ಮ ಅಂಕಿಅಂಶ ಹಿಡಿದುಕೊಂಡು ನನ್ನ ಕೋಣೆಗೆ ಬರಬಹುದು. ಒಂದೇ ವಾರದಲ್ಲಿ ಮೂವರು ಬಂದದ್ದುಂಟು. ಒಬ್ಬರದು ಇಸ್ಲಾಮಿಕ್ ಬ್ಯಾಂಕಿಂಗ್, ಇನ್ನೊಬ್ಬರದು ವಿದ್ಯಾರ್ಥಿಗಳ ಹಾಜರಾತಿ, ಮತ್ತೊಬ್ಬರದು ಕ್ಯಾನ್ಸರ್‌ನ ತಳಿವಿಜ್ಞಾನ. ಮೂವರ ಲೆಕ್ಕವೂ ಒಂದೇ ಜಾಗದಲ್ಲಿ ಮುಗ್ಗರಿಸಿತ್ತು. ಆ ಜಾಗವನ್ನು ನಿಮಗೆ ತೋರಿಸಬೇಕೆಂದೇ ಇಂದು ಇಲ್ಲಿ ನಿಂತಿದ್ದೇನೆ.

ಹಾಜರಾತಿ ಎಲ್ಲರಿಗೂ ಗೊತ್ತಿರುವ ವಿಷಯ, ಅಲ್ಲಿಂದಲೇ ಹೊರಡೋಣ. ಅರ್ಥಶಾಸ್ತ್ರಜ್ಞ ಡೇವಿಡ್ ರೋಮರ್ ಅಮೆರಿಕದ ಕೆಲವು ಸಂಸ್ಥೆಗಳ ಅರ್ಥಶಾಸ್ತ್ರ ತರಗತಿಗಳಲ್ಲಿ ತಲೆ ಎಣಿಸಿ 1993ರಲ್ಲಿ ಒಂದು ಲೇಖನ ಬರೆದರು. ಸುಮಾರು ಮೂರನೆಯ ಒಂದು ಭಾಗ ವಿದ್ಯಾರ್ಥಿಗಳು ಗೈರು. ತಪ್ಪದೆ ಬಂದವರಿಗೆ ಹೆಚ್ಚು ಅಂಕ ಬಂದಿತ್ತು. ಹಾಗಾದರೆ ಎಲ್ಲರನ್ನೂ ತರಗತಿಗೆ ಕರೆತಂದು ಕೂರಿಸಿದರೆ ಎಲ್ಲರ ಅಂಕವೂ ಏರುತ್ತದೆಯೇ? ದಿನವೂ ಬರುವ ಹುಡುಗಿ ಮನೆಯಲ್ಲೂ ಪುಸ್ತಕ ತೆರೆಯುವವಳು. ಅವಳ ಅಂಕದಲ್ಲಿ ತರಗತಿಯ ಪಾಲೆಷ್ಟು, ಅವಳ ಆಸಕ್ತಿಯ ಪಾಲೆಷ್ಟು ಎಂಬುದನ್ನು ಹಾಜರಿ ಪುಸ್ತಕ ಹೇಳುವುದಿಲ್ಲ.

ಇದನ್ನು ಬಿಡಿಸಲು ಸಂಶೋಧಕರು ಕಂಡುಕೊಂಡ ಉಪಾಯ ನನಗೆ ಬಹಳ ಇಷ್ಟ. ನೆದರ್ಲೆಂಡ್ಸ್‌ನ ಒಂದು ವಿಶ್ವವಿದ್ಯಾಲಯದಲ್ಲಿ ಮೊದಲ ವರ್ಷದ ಸರಾಸರಿ ಹತ್ತಕ್ಕೆ ಏಳಕ್ಕಿಂತ ಕಡಿಮೆ ಇದ್ದವರಿಗೆ ಎರಡನೆಯ ವರ್ಷ ಹಾಜರಾತಿ ಕಡ್ಡಾಯವಾಗಿತ್ತು. 6.9 ಪಡೆದವನನ್ನೂ 7.1 ಪಡೆದವನನ್ನೂ ಅಕ್ಕಪಕ್ಕ ನಿಲ್ಲಿಸಿ ನೋಡಿ. ಬುದ್ಧಿಯಲ್ಲಾಗಲಿ ಶ್ರಮದಲ್ಲಾಗಲಿ ಹೇಳಿಕೊಳ್ಳುವಂಥ ವ್ಯತ್ಯಾಸವಿಲ್ಲ. ಒಬ್ಬನಿಗೆ ಒತ್ತಾಯವಿದೆ, ಇನ್ನೊಬ್ಬನಿಗಿಲ್ಲ, ಅಷ್ಟೇ. ಆ ಗೆರೆಯ ಎರಡು ಬದಿಯವರನ್ನು ಹೋಲಿಸಿದಾಗ, ಒತ್ತಾಯಕ್ಕೆ ಒಳಗಾದವರ ಅಂಕ ಕುಸಿದದ್ದು ಕಂಡಿತು. 2021ರಲ್ಲಿ ಪ್ರಕಟವಾದ ಅಧ್ಯಯನವಿದು. ಆದರೆ ಅರ್ಥಶಾಸ್ತ್ರಜ್ಞ ಕಾರ್ಲೋಸ್ ಡಾಬ್ಕಿನ್ ಮತ್ತು ಸಂಗಡಿಗರು 2010ರಲ್ಲಿ ಇದೇ ಉಪಾಯ ಬಳಸಿ ಬೇರೆಯದನ್ನೇ ಕಂಡಿದ್ದರು. ಅವರ ತರಗತಿಗಳಲ್ಲಿ ನಡುವಿನ ಪರೀಕ್ಷೆಯಲ್ಲಿ ಕೆಳಗಿನ ಅರ್ಧದಲ್ಲಿದ್ದವರಿಗೆ ಹಾಜರಾತಿ ಕಡ್ಡಾಯವಾಗಿತ್ತು. ಅವರ ಅಂತಿಮ ಪರೀಕ್ಷೆಯ ಅಂಕ ಸುಧಾರಿಸಿತು. ಎರಡೂ ಎಚ್ಚರದಿಂದ ಮಾಡಿದ ಕೆಲಸಗಳೇ. ತರಗತಿಗೆ ಬಾರದಿದ್ದರೆ ಆ ಹೊತ್ತಿನಲ್ಲಿ ಆ ವಿದ್ಯಾರ್ಥಿ ಏನು ಮಾಡುತ್ತಿದ್ದ ಎಂಬುದರ ಮೇಲೆ ಉತ್ತರ ನಿಂತಿದೆಯೆಂದು ನನಗನ್ನಿಸುತ್ತದೆ. ನಿದ್ದೆ ಮಾಡುತ್ತಿದ್ದವನಿಗೆ ತರಗತಿ ಲಾಭ. ಒಬ್ಬನೇ ಕುಳಿತು ಚೆನ್ನಾಗಿ ಓದಿಕೊಳ್ಳುತ್ತಿದ್ದವನಿಗೆ ನಷ್ಟವೂ ಆಗಬಹುದು.

ಬ್ಯಾಂಕಿನ ವಿಷಯಕ್ಕೆ ಬರುತ್ತೇನೆ. ಇಸ್ಲಾಂ ಧರ್ಮದಲ್ಲಿ ಬಡ್ಡಿ, ಅಂದರೆ ರಿಬಾ, ನಿಷಿದ್ಧ. ಈಜಿಪ್ಟಿನ ಮಿತ್ ಘಮ್ರ್ ಎಂಬ ಊರಿನಲ್ಲಿ 1963ರಲ್ಲಿ ಅಹ್ಮದ್ ಅಲ್ ನಜ್ಜಾರ್ ಬಡ್ಡಿಯಿಲ್ಲದ ಉಳಿತಾಯ ಬ್ಯಾಂಕೊಂದನ್ನು ಕಟ್ಟಿದರು. 1975ರಲ್ಲಿ ದುಬೈ ಇಸ್ಲಾಮಿಕ್ ಬ್ಯಾಂಕ್ ಶುರುವಾಯಿತು. ಲಾಭವನ್ನೂ ನಷ್ಟವನ್ನೂ ಬ್ಯಾಂಕು ಮತ್ತು ಗ್ರಾಹಕ ಹಂಚಿಕೊಳ್ಳಬೇಕೆಂಬುದು ಮೂಲ ಆಶಯ. ನಡೆಯುವುದು ಹೆಚ್ಚಾಗಿ ಮುರಾಬಹಾ: ನಿಮಗೆ ಬೇಕಾದ ಯಂತ್ರವನ್ನು ಬ್ಯಾಂಕೇ ಕೊಂಡು, ತನ್ನ ಲಾಭವನ್ನು ಮುಚ್ಚುಮರೆಯಿಲ್ಲದೆ ಸೇರಿಸಿ, ನಿಮಗೆ ಕಂತಿನ ಮೇಲೆ ಮಾರುತ್ತದೆ. ಮಲೇಷ್ಯಾದ ಇಸ್ಲಾಮಿಕ್ ಠೇವಣಿಗಳ ಆದಾಯವು ಮಾಮೂಲಿ ಬ್ಯಾಂಕುಗಳ ಬಡ್ಡಿದರವನ್ನೇ ನೆರಳಿನಂತೆ ಹಿಂಬಾಲಿಸುತ್ತದೆ ಎಂದು ಚೊಂಗ್ ಮತ್ತು ಲಿಯು 2009ರಲ್ಲಿ ತೋರಿಸಿದರು.

ಹೀಗಿರುವಾಗ ಪಾಕಿಸ್ತಾನದಿಂದ ಬಂದ ಒಂದು ಫಲಿತಾಂಶ ಕುತೂಹಲ ಹುಟ್ಟಿಸುತ್ತದೆ. 2006ರಿಂದ 2008ರವರೆಗೆ ಒಂದೂವರೆ ಲಕ್ಷಕ್ಕೂ ಹೆಚ್ಚು ಸಾಲಗಳನ್ನು ತಿಂಗಳು ತಿಂಗಳೂ ಹಿಂಬಾಲಿಸಿದ ಅಧ್ಯಯನವದು. ಇಸ್ಲಾಮಿಕ್ ಸಾಲಗಳು ಸುಸ್ತಿಯಾಗುವ ಪ್ರಮಾಣ ಮಾಮೂಲಿ ಸಾಲಗಳ ಅರ್ಧಕ್ಕಿಂತಲೂ ಕಡಿಮೆ. ರಂಜಾನ್ ತಿಂಗಳಲ್ಲಿ ಇನ್ನೂ ಕಡಿಮೆ. ನನ್ನ ಬಳಿ ಬಂದಿದ್ದ ಸಂಶೋಧಕರು ಇಂಥ ಅಂಕಿಗಳನ್ನು ನೋಡಿ, ಒಪ್ಪಂದದ ಸ್ವರೂಪವೇ ಶ್ರೇಷ್ಠ ಎಂದು ಬರೆದುಕೊಂಡಿದ್ದರು. ನಾನು ಕೇಳಿದೆ: ಆ ಬ್ಯಾಂಕಿನ ಬಾಗಿಲಿಗೆ ಹೋದವರು ಯಾರು? ಕೊಟ್ಟ ಮಾತಿಗೆ ತಪ್ಪಬಾರದೆಂದು ನಂಬಿದವರೇ ಅಲ್ಲಿಗೆ ಹೆಚ್ಚಾಗಿ ಹೋಗಿದ್ದರೆ, ಸಾಲ ತೀರಿಸಿದ್ದು ಒಪ್ಪಂದವೋ ಸಾಲಗಾರನ ಮನಸ್ಸೋ? ಒಬ್ಬನೇ ಎರಡೂ ಬಗೆಯ ಸಾಲ ಪಡೆದಿರುವ ಪ್ರಕರಣಗಳನ್ನು ಹುಡುಕಿ, ಅವನು ಯಾವುದನ್ನು ಮೊದಲು ತೀರಿಸಿದ ಎಂದು ನೋಡಿದರೆ ಸ್ವಲ್ಪ ಬೆಳಕು ಸಿಗುತ್ತದೆ. ಅವರು ಮರುದಿನವೇ ಆ ಹುಡುಕಾಟಕ್ಕೆ ಇಳಿದರು.

ಎಣಿಕೆಗೆ ಬಂದವರು ಯಾರು ಎಂಬ ಇದೇ ಪ್ರಶ್ನೆ ಕ್ಯಾನ್ಸರ್‌ನಲ್ಲಿ ಜೀವಕ್ಕೆ ತಗಲುತ್ತದೆ. ಸ್ತನ ಕ್ಯಾನ್ಸರ್ ವಂಶವಾಹಿಯಿಂದ ಬರಬಹುದೆಂದು ಹೆಚ್ಚಿನವರು ನಂಬದ ಕಾಲದಲ್ಲಿ ತಳಿವಿಜ್ಞಾನಿ ಮೇರಿ ಕ್ಲೇರ್ ಕಿಂಗ್ ವರ್ಷಗಟ್ಟಲೆ ಅದರ ಬೆನ್ನು ಹತ್ತಿದ್ದರು. ಅವರ ಬಳಿ 23 ಕುಟುಂಬಗಳ ಮಾಹಿತಿ ಇತ್ತು, 146 ರೋಗಿಗಳು. ಎಲ್ಲ ಕುಟುಂಬಗಳನ್ನೂ ಒಟ್ಟಿಗೆ ಹಾಕಿದಾಗ ಚಿತ್ರ ಕಲಸಿಹೋಗುತ್ತಿತ್ತು. ಕಾಯಿಲೆ ಕಾಣಿಸಿಕೊಂಡ ವಯಸ್ಸಿನ ಪ್ರಕಾರ ಕುಟುಂಬಗಳನ್ನು ಸಾಲಾಗಿ ಜೋಡಿಸಿದರು. ಎಳೆಯ ವಯಸ್ಸಿಗೇ ಕ್ಯಾನ್ಸರ್ ಬಂದ ಕುಟುಂಬಗಳಲ್ಲಿ 17ನೆಯ ವರ್ಣತಂತುವಿನ ಗುರುತು ಸ್ಪಷ್ಟವಾಗಿ ಎದ್ದು ಕಂಡಿತು, ಇಳಿವಯಸ್ಸಿನಲ್ಲಿ ಬಂದ ಕುಟುಂಬಗಳಲ್ಲಿ ಕಾಣಲಿಲ್ಲ. ಅದು 1990. ನಾಲ್ಕು ವರ್ಷಗಳ ನಂತರ ಬಿಆರ್‌ಸಿಎ1 ಎಂಬ ಜೀನ್, ಅಂದರೆ ವಂಶವಾಹಿ, ಕೈಗೆ ಸಿಕ್ಕಿತು; ಅದರಲ್ಲಿ ದೋಷವಿದ್ದರೆ ಸ್ತನ ಕ್ಯಾನ್ಸರ್‌ನ ಅಪಾಯ ಹೆಚ್ಚು. ಕಾಗದದ ಮೇಲೆ ಸಾಲುಗಳನ್ನು ಮರುಜೋಡಿಸಿದ್ದರಿಂದ ಇಷ್ಟೆಲ್ಲ ಆಯಿತೆಂಬುದು ನೆನಪಾದಾಗಲೆಲ್ಲ ನನಗೆ ರೋಮಾಂಚನವಾಗುತ್ತದೆ.

ಜೀನ್ ಸಿಕ್ಕ ಮೇಲೆ ಮಹಿಳೆಯರು ಕೇಳಿದ್ದು ಒಂದೇ: ನನಗೆ ಕಾಯಿಲೆ ಬರುವ ಸಾಧ್ಯತೆ ಎಷ್ಟು? ಆರಂಭದ ಉತ್ತರ, 70 ವರ್ಷದೊಳಗೆ ಶೇ 80ಕ್ಕೂ ಹೆಚ್ಚು. ಈ ಅಂಕಿ ಬಂದದ್ದು ಎಲ್ಲಿಂದ? ಅಜ್ಜಿ, ತಾಯಿ, ಅಕ್ಕ ಎಲ್ಲರಿಗೂ ಕ್ಯಾನ್ಸರ್ ಬಂದು ಸಂಶೋಧಕರ ಕಣ್ಣಿಗೆ ಬಿದ್ದ ಕುಟುಂಬಗಳಿಂದ. ಅದೇ ದೋಷವಿದ್ದೂ ಆರೋಗ್ಯವಾಗಿ ಬಾಳಿದವರು ಆಸ್ಪತ್ರೆಗೆ ಹೋಗಲೇ ಇಲ್ಲ, ಎಣಿಕೆಗೆ ಬರಲೇ ಇಲ್ಲ. ಕುಟುಂಬದ ಇತಿಹಾಸ ನೋಡದೆ ಆರಿಸಿದ ರೋಗಿಗಳ 22 ಅಧ್ಯಯನಗಳನ್ನು 2003ರಲ್ಲಿ ಒಟ್ಟುಗೂಡಿಸಿದಾಗ ಬಿಆರ್‌ಸಿಎ1ಕ್ಕೆ ಆ ಅಂದಾಜು ಶೇ 65ಕ್ಕೆ, ಅಂಥದೇ ಇನ್ನೊಂದು ಜೀನ್ ಬಿಆರ್‌ಸಿಎ2ಕ್ಕೆ ಶೇ 45ಕ್ಕೆ ಇಳಿಯಿತು. ಇವೂ ದೊಡ್ಡ ಅಂಕಿಗಳೇ, ಹಗುರಾಗಿ ತೆಗೆದುಕೊಳ್ಳುವಂತಿಲ್ಲ. ಆದರೆ ಆರೋಗ್ಯವಾಗಿರುವ ಸ್ತನಗಳನ್ನು ಶಸ್ತ್ರಚಿಕಿತ್ಸೆಯಿಂದ ತೆಗೆಸಬೇಕೇ ಬೇಡವೇ ಎಂದು ತೀರ್ಮಾನಿಸಬೇಕಾದವಳಿಗೆ 80ಕ್ಕೂ 45ಕ್ಕೂ ಇರುವ ಅಂತರ ಬರೀ ಲೆಕ್ಕದ ವಿಷಯವೇ?

2017ರಲ್ಲಿ ಬಂದ ದೊಡ್ಡ ಅಧ್ಯಯನ ದೋಷವುಳ್ಳ ಮಹಿಳೆಯರನ್ನು ವರ್ಷಗಳ ಕಾಲ ಮುಂದಕ್ಕೆ ಹಿಂಬಾಲಿಸಿತು. ಒಂದೇ ಜೀನಿನ ದೋಷವಿದ್ದರೂ, ಹತ್ತಿರದ ಸಂಬಂಧಿಕರಲ್ಲಿ ರೋಗಿಗಳು ಹೆಚ್ಚಿದ್ದಷ್ಟೂ ಅಪಾಯ ಹೆಚ್ಚೆಂದು ಗೊತ್ತಾಯಿತು. ಹಾಗಾಗಿಯೇ ತಳಿ ಸಮಾಲೋಚಕರು ಮೊದಲು ವಂಶವೃಕ್ಷ ಬರೆಯುತ್ತಾರೆ. ಹೆಣ್ಣಿಗೆ ವೃತ್ತ, ಗಂಡಿಗೆ ಚೌಕ, ಕಾಯಿಲೆ ಬಂದಿದ್ದರೆ ಒಳಗೆ ಕಪ್ಪು, ಪಕ್ಕದಲ್ಲಿ ವಯಸ್ಸು. ಬಂದವರು ಸಾಮಾನ್ಯವಾಗಿ ತಾಯಿಯ ಕಡೆಯ ರೋಗಿಗಳ ಹೆಸರು ಹೇಳಿ ಸುಮ್ಮನಾಗುತ್ತಾರೆ. ಈ ದೋಷ ತಂದೆಯಿಂದಲೂ ಬರುತ್ತದೆ. ಸಮಾಲೋಚಕರು ಪೆನ್ಸಿಲ್ ಕೆಳಗಿಡದೆ ತಂದೆಯ ಕಡೆಗೆ ತಿರುಗುತ್ತಾರೆ: ಸೋದರತ್ತೆಯರು ಎಷ್ಟು ಜನ, ಏನೂ ಆಗದೆ ಬಾಳಿದವರು ಯಾರು, ಅವರಿಗೀಗ ಎಷ್ಟು ವಯಸ್ಸು?